ಪೂಜೆಗಿಟ್ಟ ಸ್ಪ್ಯಾನರ್

ಚಿತ್ರದುರ್ಗ
ಭಾನುವಾರ, ೧೬ ಫೆಬ್ರವರಿ ೨೦೨೫

ಮಲ್ಲೇಶ್ ಅವರಿಗೆ,

ಹೆಸರಿಗೆ ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಓದಿ ಮುಗಿಸಿದ ಮೇಲೆ ಅದು ಇರಬೇಕೋ ಬೇಡವೋ ನೀವೇ ಹೇಳಿ. ಫೋನಿನಲ್ಲಿ ಹೇಳೋಣವೆಂದರೆ “ಅಮ್ಮ ಹೆಂಗೈತೆ” ಎಂದು ಕೇಳಿ ಇಟ್ಟುಬಿಡುತ್ತೀರಿ. ಅತ್ತೆ ಚೆನ್ನಾಗಿದ್ದಾರೆ. ಕೋಲು ಹಿಡಿದು ಅಂಗಳದವರೆಗೆ ಬರುತ್ತಾರೆ, ನನ್ನ ಸಾರಿಗೆ ಉಪ್ಪು ಕಮ್ಮಿ ಎನ್ನುತ್ತಾರೆ. ಬಂದವರ ಮುಂದೆಲ್ಲ “ಮಗ ನನ್ ಕಾಲು ಮುರ್ದ, ಸೊಸೆ ಎಬ್ಸಿ ನಿಲ್ಸಿದ್ಲು” ಎಂದು ಹೊಗಳುತ್ತಾರೆ. ಆಗೆಲ್ಲ ನಾನು ಏನೋ ನೆಪ ಮಾಡಿ ಅಡುಗೆಮನೆಗೆ ಹೋಗಿಬಿಡುತ್ತೇನೆ.

ನಿನ್ನೆ ಹೊಸದುರ್ಗದಿಂದ ಶಿವಕುಮಾರಪ್ಪನವರು ಬಂದಿದ್ದರು, ಹಾಸ್ಟೆಲ್ ವ್ಯಾನಿಗೆ ಡ್ರೈವರ್ ಹುಡುಕುತ್ತಿರುವವರು. ನಿಮಗೇ ಕೆಲಸ ಕೊಡಬೇಕೆಂದು ಅವರಿಗೆ ಆಸೆ. ನೀವು ಮಾತ್ರ “ನನ್ನ ಕಾಲನ್ನ ನಾನೇ ನಂಬಲ್ಲ, ಮಕ್ಳನ್ನ ಹೆಂಗೆ ಕೂರಿಸ್ಕಳ್ಳಿ” ಎಂದಿರಂತೆ. ಅದಕ್ಕೆ ಅವರು ನನ್ನನ್ನೇ ಕೇಳಿದರು, “ಏನಮ್ಮ, ಬ್ರೇಕ್ ಅಂತ ತಿಳ್ಕಂಡು ಆಕ್ಸಿಲರೇಟರ್ ತುಳಿದಿದ್ದು ನಿಜವೇನು? ಶುಕ್ರವಾರದೊಳಗೆ ಹೇಳು, ಇಲ್ಲಾಂದ್ರೆ ಬೇರೆಯವ್ನಿಗೆ ಮಾತು ಕೊಡಬೇಕಾಗ್ತೈತೆ.”

ಹನ್ನೊಂದು ವರ್ಷ ಶಾಲೆಯ ವ್ಯಾನ್ ಓಡಿಸಿ ಒಂದು ನಾಯಿಗೂ ತಾಗಿಸದ ಮನುಷ್ಯ ನೀವು. ಅವತ್ತು ನಿಮ್ಮ ಕಾಲು ತಪ್ಪಿರಲಿಲ್ಲ. ಬ್ರೇಕ್ ಇರಲೇ ಇಲ್ಲ. ಅದು ನನಗೆ ನಾಲ್ಕು ತಿಂಗಳಿಂದ ಗೊತ್ತು.

ಅಪ್ಪ ತೀರಿಕೊಂಡಾಗ ಒಡವೆ ತಂಗಿಗೆ, ಎಂಬತ್ತೇಳನೇ ಇಸವಿಯ ಫಿಯಟ್ ಕಾರು ನನಗೆ ಎಂದು ಹಂಚಿಕೆಯಾಯಿತು. ನಾನೇ ಕೇಳಿ ತಂದಿದ್ದು. ಅಪ್ಪ ರಿಪೇರಿಗೆಂದು ಅದನ್ನು ಬೇರೆಯವರ ಕೈಗೆ ಕೊಟ್ಟವರಲ್ಲ, ನಾನೂ ಕೊಡುವುದಿಲ್ಲ ಎಂಬ ಹಟ. ಕಳೆದ ದಸರಾಕ್ಕೆ ಮೊದಲು ಮೂರು ಭಾನುವಾರ ಅದರ ಹಿಂದಿನ ಎಡ ಚಕ್ರದ ಬಳಿಯೇ ಕೂತಿದ್ದೆ. ಬ್ರೇಕ್ ಎಣ್ಣೆ ಒಸರುತ್ತಿತ್ತು. ಪೈಪಿನ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸ್ಪ್ಯಾನರ್ ಹಾಕಿದರೆ ಜಾರಿ ಬೆರಳ ಗೆಣ್ಣು ಕಬ್ಬಿಣಕ್ಕೆ ಬಡಿಯುತ್ತಿತ್ತು. ಸೀಮೆಎಣ್ಣೆ ಬಿಟ್ಟೆ, ಸುತ್ತಿಗೆಯಲ್ಲಿ ತಟ್ಟಿದೆ, ಬೈದೆ. ಅಂತೂ ಬಿಚ್ಚಿದರೆ ಒಳಗಿನ ರಬ್ಬರ್ ಹಾಳು. ಹಿರಿಯೂರಿನ ಗುಜರಿಯವನು ಒಂದು ಕೊಟ್ಟ, ಅಳತೆ ದೊಡ್ಡದು. ಮತ್ತೆ ಬಸ್ಸು ಹತ್ತಿ ಹೋದೆ, ಈ ಸಲ ಚಿಕ್ಕದು. ಮೂರನೇ ಸಲ ಹಳೆಯ ತುಂಡನ್ನೇ ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಹೋದೆ. ತುರುವನೂರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ದ್ರವದ ಒತ್ತಡದ ಪಾಠ ಮಾಡುವ ಈ ಟೀಚರಮ್ಮನ ಗತಿ ಇದು.

ಆಯುಧಪೂಜೆಯ ದಿನ ಮಧ್ಯಾಹ್ನ ನಿಮ್ಮ ಜೊತೆ ಗ್ಯಾರೇಜಿನ ಓಬಯ್ಯ ಬಂದು ನಿಂತದ್ದು ನೆನಪಿದೆಯಲ್ಲ? “ಅಕ್ಕಾರೇ, ಅದು ಸೌಟಲ್ಲ, ಸ್ಪ್ಯಾನರ್ರು” ಎಂದ. ನೀವು ನಕ್ಕಿರಿ. “ಬಿಟ್ಬಿಡು ರೇಣುಕಾ, ಅವ್ನೇ ಮಾಡ್ಲಿ” ಎಂದಿರಿ. ನನಗೆ ಮೈಯೆಲ್ಲ ಉರಿಯಿತು. ಕೆಲಸ ಮುಗಿದಿದೆ, ಇಬ್ಬರೂ ಒಳಗೆ ಹೋಗಿ ಕಾಫಿ ಕುಡಿಯಿರಿ ಎಂದೆ.

ಮುಗಿದಿರಲಿಲ್ಲ. ಅತ್ತೆಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಪೆಡಲ್ ಒತ್ತಿಸಿ, ಪೈಪಿನೊಳಗಿನ ಗಾಳಿ ಬಿಡಿಸಿದ್ದೆ. ಅವರಿಗೆ ಅದೊಂದು ಆಟ. “ಒತ್ಲೇನೇ? ಬಿಡ್ಲೇನೇ?” ಎಂದು ಕೂಗಿ ಕೂಗಿ ನಗುತ್ತಿದ್ದರು. ಸಂಜೆ ನೋಡಿದರೆ ನಟ್ಟಿನ ಬುಡದಲ್ಲಿ ಒಂದು ಹನಿ ಎಣ್ಣೆ. ಸರಿಯಾಗಿ ಕೂರಿಸೋಣವೆಂದು ಮತ್ತೆ ಸಡಿಲಿಸಿದೆ. ಅಷ್ಟರಲ್ಲಿ ಪೂಜೆಗೆ ಹೊತ್ತಾಯಿತು, ಹತಾರ ತಾ ಎಂದು ಅತ್ತೆ ಕರೆದರು. ನಟ್ಟನ್ನು ಕೈಯಲ್ಲೇ ಮೂರು ಸುತ್ತು ತಿರುಗಿಸಿ, ಸ್ಪ್ಯಾನರುಗಳನ್ನೆಲ್ಲ ಒಯ್ದು ಮಣೆಯ ಮೇಲಿಟ್ಟೆ. ಅವರು ವಿಭೂತಿ ಹಚ್ಚಿ ಹೂವಿಟ್ಟು, “ಇನ್ನು ಮುಟ್ಟಬ್ಯಾಡ, ನಾಳೆ ಮಂಗಳಾರತಿ ಆದ್ಮ್ಯಾಲೆ ತಗಂಡ್ರಾತು” ಎಂದರು. ಒಂದೇ ಒಂದು ನಟ್ಟು, ಬಿಗಿ ಮಾಡಿ ತಂದಿಟ್ಟುಬಿಡುತ್ತೇನೆ ಎಂದಿದ್ದರೆ ಬೇಡವೆನ್ನುತ್ತಿರಲಿಲ್ಲವೇನೋ. ಆದರೆ ನೀವೂ ಓಬಯ್ಯನೂ ಕೈ ಮುಗಿದು ಅಲ್ಲೇ ನಿಂತಿದ್ದಿರಿ. ನಿಮ್ಮಿಬ್ಬರ ಎದುರಿಗೆ ಆ ಮಾತು ನನ್ನ ಬಾಯಿಂದ ಬರಲಿಲ್ಲ.

ಮರುದಿನ ಹತ್ತು ಗಂಟೆಗೆ ನೀವು ಅತ್ತೆಯನ್ನು ಅವರ ತವರಿಗೆ ಕರೆದುಕೊಂಡು ಹೊರಡುವುದೆಂದು ಮಾತಾಗಿತ್ತು. ಅಷ್ಟರೊಳಗೆ ನಟ್ಟು ಬಿಗಿ ಮಾಡಿದರಾಯಿತು ಎಂದುಕೊಂಡಿದ್ದೆ. ತವರಿಗೆ ಹೋಗುವ ಸಡಗರದಲ್ಲಿ ಅತ್ತೆ ಆರೂವರೆಗೇ ನಿಮ್ಮನ್ನು ಎಬ್ಬಿಸಿ ಹೊರಡಿಸಿದರು. ನಾನು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಕಾರಿಲ್ಲ. ಫೋನ್ ಮಾಡಿದೆ, ನೀವು ಎತ್ತಲಿಲ್ಲ.

ಮುಂದಿನದು ನಿಮಗೇ ಗೊತ್ತು. ಹಿರೇಗುಂಟನೂರಿನ ದಾರಿಯ ಇಳಿಜಾರಿನಲ್ಲಿ ಕುರಿಮಂದೆ ಅಡ್ಡ ಬಂತು, ಪೆಡಲ್ ನೆಲ ಮುಟ್ಟಿತು, ನೀವು ಹುಣಸೆಮರದ ಕಡೆ ತಿರುಗಿಸಿದಿರಿ. ಕುರಿ ಕಾಯುತ್ತಿದ್ದ ಸಣ್ಣತಿಮ್ಮಪ್ಪ ಆಸ್ಪತ್ರೆಗೇ ಬಂದು, “ಪುಣ್ಯಾತ್ಮ ತಿರುವದಿದ್ರೆ ನಾನೂ ಇರ್ತಿರಲಿಲ್ಲ” ಎಂದು ಅತ್ತ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಬರಿಯಲ್ಲಿ ಪೆಡಲ್ ತಪ್ಪಿ ತುಳಿದ ಎಂಬ ಮಾತು ಮಾತ್ರ ಊರೆಲ್ಲ ಹಬ್ಬಿತು.

ಅವತ್ತು ಮಧ್ಯಾಹ್ನ ನೀವೆಲ್ಲ ಆಸ್ಪತ್ರೆಯಲ್ಲಿದ್ದಾಗ ಕಾರನ್ನು ಎಳೆದು ತಂದು ಮನೆ ಮುಂದೆ ಬಿಟ್ಟು ಹೋದರು. ಅತ್ತೆಗೆ ಸೀರೆ ತರುತ್ತೇನೆಂದು ಮನೆಗೆ ಬಂದವಳು ನೋಡಿದೆ. ಹಿಂದಿನ ಚಕ್ರವೆಲ್ಲ ಎಣ್ಣೆ. ಮಣೆಯ ಮೇಲಿಂದ ಸ್ಪ್ಯಾನರ್ ತೆಗೆದುಕೊಂಡೆ. ಹೂವು ಇನ್ನೂ ಬಾಡಿರಲಿಲ್ಲ. ನಟ್ಟು ಬಿಗಿ ಮಾಡಿ, ಎಣ್ಣೆ ಒರೆಸಿ, ಹೊಸ ಎಣ್ಣೆ ತುಂಬಿ, ಗಾಳಿ ಹೋಗುವವರೆಗೆ ಒಬ್ಬಳೇ ಓಡಾಡಿ ಪೆಡಲ್ ಒತ್ತಿದೆ. ಎರಡು ದಿನ ಬಿಟ್ಟು ಓಬಯ್ಯ ಬಂದು ತುಳಿದು ನೋಡಿ “ಬ್ರೇಕ್ ಗಟ್ಟಿ ಐತಲ್ಲ” ಎಂದ. ನೀವು ನನ್ನ ಮುಖ ನೋಡಿದಿರಿ. “ನೀನೇ ಮಾಡಿದ್ದಲ್ಲ, ಹೇಳು, ಸರಿ ಇತ್ತಾ?” ಎಂದಿರಿ.

ಎಲ್ಲ ಸರಿಯಾಗಿಯೇ ಇತ್ತು ಎಂದೆ. ಹೆಂಗಸು ಸ್ಪ್ಯಾನರ್ ಹಿಡಿದರೆ ಹೀಗೇ ಆಗುವುದು ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಾರೆಂಬ ಒಂದೇ ಹೆದರಿಕೆಗೆ. ಆ ಕ್ಷಣದಿಂದ ನೀವು ನಿಮ್ಮ ಕಾಲನ್ನು ಅನುಮಾನದಿಂದ ನೋಡತೊಡಗಿದಿರಿ. ಶಾಲೆಯ ಕೆಲಸ ಬಿಟ್ಟು ಹೊಸದುರ್ಗದ ತಮ್ಮನ ಮನೆ ಸೇರಿದಿರಿ. ತಡೆಯಬಹುದಿತ್ತು, ತಡೆಯಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ ರೀ.

ಈಗ ಇದನ್ನೆಲ್ಲ ಶಿವಕುಮಾರಪ್ಪನವರಿಗೂ ಬರೆದು ಸಹಿ ಹಾಕಿದ್ದೇನೆ. ನಾಳೆ ಎರಡನ್ನೂ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಇವತ್ತು ಬೆಳಿಗ್ಗೆ ಓಬಯ್ಯನ ಮನೆಗೆ ಹೋಗಿ ಹೇಳಿದೆ. ಅವನು ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಆಮೇಲೆ ಅತ್ತೆಗೆ ಹೇಳಿದೆ. “ನನ್ ಕಾಲು ಹೋಗ್ಲಿ, ನನ್ ಮಗನ್ನ ಹುಚ್ಚ ಮಾಡಿದ್ಯಲ್ಲೇ” ಎಂದರು. ಮಧ್ಯಾಹ್ನ ಕೋಲೂರಿಕೊಂಡು ಬಂದು ಅವರೇ ಬಡಿಸಿಕೊಂಡು ಉಂಡರು.

ನೀವು ಬಂದು ಬೈದರೂ ಸರಿ, ಬರದಿದ್ದರೂ ಸರಿ. ಆ ವ್ಯಾನ್ ಮಾತ್ರ ಹತ್ತಿ. ನಿಮ್ಮ ಕಾಲಿಗೆ ಏನೂ ಆಗಿಲ್ಲ.

ಇನ್ನೂ ನಿಮ್ಮ ಮನೆಯಲ್ಲೇ ಇರುವ,
ರೇಣುಕಾ

ತಾ.ಕ.: ಸ್ನಾನಕ್ಕೆ ಹೋಗಿದ್ದೆ ಎಂದು ಮೇಲೆ ಬರೆದಿದ್ದೇನೆ. ನಾಲ್ಕು ತಿಂಗಳಿಂದ ಎಲ್ಲರಿಗೂ ಹಾಗೇ ಹೇಳಿ ರೂಢಿಯಾಗಿ ಕೈ ತಾನೇ ಬರೆಯಿತು. ಶಿವಕುಮಾರಪ್ಪನವರ ಪತ್ರದಲ್ಲೂ ಹಾಗೇ ಇದೆ, ಇದನ್ನು ಮುಗಿಸಿ ಅದನ್ನೂ ತಿದ್ದುತ್ತೇನೆ. ಫೋನ್ ಮಾಡಿದ್ದು ನಿಜ, ಆದರೆ ಅದು ಆಮೇಲೆ. ನಾನು ಪಡಸಾಲೆಯ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದೆ. ಕಾರು ಹೊರಟದ್ದು ಕಂಡಿತು. ನಿಲ್ಲಿಸಿ ಎಂದರೆ ಕೆಲಸ ಮುಗಿದಿರಲಿಲ್ಲವೆಂದು ಒಪ್ಪಿಕೊಳ್ಳಬೇಕಿತ್ತು. ಆದರೂ ಎದ್ದು ನಿಂತೆ. ಗೇಟಿನ ಹತ್ತಿರ ನೀವು ಬ್ರೇಕ್ ಒತ್ತಿದಿರಿ, ಕಾರು ನಿಂತಿತು. ನೋಡು, ಹಿಡಿಯುತ್ತದಲ್ಲ ಎಂದುಕೊಂಡು ಮತ್ತೆ ಕೂತು ಕಾಫಿ ಕುಡಿದೆ.