ಇಲ್ಲಿ ಸ್ವಲ್ಪ ಕಾಯಬೇಕು

ಮಾರ್ಚ್ 2, ರಾತ್ರಿ 11.20

ರೆಕಾರ್ಡ್ ಆಗ್ತಿದೆಯಾ... ಹ್ಞಾಂ, ಕೆಂಪು ಚುಕ್ಕಿ ಬಂತು. ಇವತ್ತು ಸಾವಿರದ ಇನ್ನೂರು ಸಾಲು ಕೋಡ್ ಕಿತ್ತೆ. ಮಣಿಕಟ್ಟು ಹಿಡ್ಕೊಂಡಿದೆ. ಬರೆಯಕ್ಕಾಗಲ್ಲ, ಬಾಯಲ್ಲೇ ಹೇಳ್ತೀನಿ. ಮೆಲ್ಲಗೆ ಮಾತಾಡ್ಬೇಕು — ರೂಮ್‌ಮೇಟ್ ನರ್ಸು, ಬೆಳಗಿನ ಡ್ಯೂಟಿ. ಎದ್ರೆ ನನ್ನನ್ನೇ ವಾರ್ಡಿಗೆ ಸೇರಿಸ್ತಾಳೆ.

ಸಂಜೆ ಅಮ್ಮ ಫೋನ್ ಮಾಡಿದ್ಲು. "ಅಷ್ಟು ದೂರ ಹೋಗಿ ಏನ್ ಕೆಲ್ಸ ಮಾಡ್ತೀಯೇ?"

"ಅಳಿಸೋದಮ್ಮ."

"ಏನನ್ನ?"

ಕಂಪ್ಯೂಟರ್‌ಗೂ ಸ್ಕ್ರೀನಿಗೂ ನಡುವೆ ಒಂದು ಪ್ರೋಗ್ರಾಂ ಇರತ್ತೆ, ಡ್ರೈವರ್ ಅಂತಾರೆ, ಅದಿದ್ರೇನೇ ಪರದೆ ಮೇಲೆ ಏನಾದ್ರೂ ಕಾಣೋದು ಅಂದೆ. ಇಪ್ಪತ್ತು ವರ್ಷದ ಹಿಂದಿನ ಡಿಸ್‌ಪ್ಲೇ ಕಾರ್ಡುಗಳಿಗೆ ಬರೆದಿದ್ದು ಇನ್ನೂ ಒಳಗೇ ಬಿದ್ದಿದೆ, ಎಲ್ಲದಕ್ಕೂ ಒಂದೇ ಹೊಸ ಡ್ರೈವರ್ ಬಂದಿರೋದ್ರಿಂದ ಯಾರಿಗೂ ಬೇಡ, ಅದನ್ನ ತೆಗೀತೀನಿ ಅಂದೆ.

"ಅಟ್ಟ ಕ್ಲೀನ್ ಮಾಡೋ ಹಾಗೆ."

"ಹ್ಞೂಂ."

"ಅದಕ್ಕೆ ಸಂಬಳ ಕೊಡ್ತಾರಾ? ನಾನು ಇಳಿಸಿದ್ದನ್ನೆಲ್ಲ ನಿಮ್ಮಪ್ಪ ವಾಪಸ್ ಹತ್ತಿಸ್ತಾರೆ. ಅವ್ರಿಗೂ ಕೊಡ್ತಾರಾ, ಕೇಳು."

ನಕ್ಕೆ. ಹೇಳ್ಬೇಕಾಗಿದ್ದು ಹೇಳ್ಲಿಲ್ಲ. ಕತ್ತರಿ — ನಮ್ಮ ಟೀಮಿನ ಹೆಡ್ಡು, ಹಿಂದುಗಡೆ ಎಲ್ರೂ ಹಾಗೇ ಕರೆಯೋದು — ಇವತ್ತು ಕುರ್ಚಿ ಎಳ್ಕೊಂಡು ಬಂದು ಕೂತ್ರು. 27ನೇ ತಾರೀಖು ಐದು ಗಂಟೆಗೆ ಹೊಸ ರಿಲೀಸಿಗೆ ಬಾಗಿಲು ಹಾಕ್ತಾರೆ, ಆಮೇಲೆ ಏನೂ ಬದಲಾಯಿಸೋ ಹಾಗಿಲ್ಲ. ಅಷ್ಟರೊಳಗೆ ಈ ಹಳೇ ಡ್ರೈವರ್ ಪೂರ್ತಿ ಹೋಗಿದ್ರೆ ನಾನು ಪರ್ಮನೆಂಟು. ಇಲ್ಲಾಂದ್ರೆ ಏಪ್ರಿಲ್‌ಗೆ ಕಾಂಟ್ರ್ಯಾಕ್ಟ್ ಮುಗೀತು. ಕಾಂಟ್ರ್ಯಾಕ್ಟ್ ಜೊತೆ ವೀಸಾನೂ.

ಪರವಾಗಿಲ್ಲ. ಕೀಳೋದು ತಾನೆ.

ಮಾರ್ಚ್ 5, ರಾತ್ರಿ 10.50

ಇವತ್ತೊಂದು ಮಜಾ. ಫೈಲಿನ ಮಧ್ಯೆ ಸುಮ್ನೆ ಕಾಲು ಸೆಕೆಂಡ್ ನಿಲ್ಲೋ ಒಂದು ಸಾಲು. ಏನೂ ಮಾಡಲ್ಲ, ನಿಲ್ಲತ್ತೆ ಅಷ್ಟೆ. ಪಕ್ಕದಲ್ಲಿ ಬರೆದಾತ ಒಂದು ಟಿಪ್ಪಣಿ ಬಿಟ್ಟಿದಾನೆ: "ಇಲ್ಲಿ ಸ್ವಲ್ಪ ಕಾಯಬೇಕು. ಯಾಕೆ ಅಂತ ನನಗೂ ಗೊತ್ತಿಲ್ಲ."

ಫೋಟೋ ತೆಗೆದು ಗ್ರೂಪಿಗೆ ಹಾಕ್ದೆ. ಹದಿನಾಲ್ಕು ನಗು. ಕತ್ತರಿ ಕೂಡ — "ಬ್ಯಾಂಕಿನ ಕ್ಯೂನಲ್ಲಿ ನಿಂತ್ಕೊಂಡು ಬರೆದಿರ್ಬೇಕು." ಬಂದಾಗಿನಿಂದ ಇಲ್ಲಿ ನನ್ನ ಮಾತಿಗೆ ಹದಿನಾಲ್ಕು ಜನ ನಕ್ಕಿದ್ದು ಇದೇ ಫಸ್ಟು.

ಅಳಿಸ್ದೆ.

ಮಾರ್ಚ್ 16, ರಾತ್ರಿ 11.05

ತೆಗೆಯೋ ಮುಂಚೆ ಆರು ವಾರ ನೋಟಿಸ್ ಹಾಕ್ಬೇಕು, ಅದು ರೂಲು. 'ಈ ಕಾರ್ಡ್ ಯಾರಾದ್ರೂ ಬಳಸ್ತಿದೀರಾ? ಟ್ರಯಲ್ ವರ್ಷನ್ ಹಾಕ್ಕೊಂಡು ನೋಡಿ ತಿಳಿಸಿ.' ಯಾರೂ ತಿಳಿಸಲ್ಲ. ಯಾರೂ ಓದೋದೇ ಇಲ್ಲ.

ಇವತ್ತು ಒಂದು ಮೇಲ್ ಬಂತು. ಪೂರ್ತಿ ಇಷ್ಟೇ — "ನೀವು ಕೇಳಿದ್ರಿ. ನಾನು ಬಳಸ್ತಿದೀನಿ. ವೇ ಬ್ರಿಡ್ಜಿನಲ್ಲಿ. ನಿಮ್ಮ ಟ್ರಯಲ್ ಹಾಕಿದ ಮೇಲೆ ಬೆಳಿಗ್ಗೆ ಪರದೆ ಕಪ್ಪು. ಮಧ್ಯಾಹ್ನ ಸರಿ." ಕೆಳಗೆ ಫೋನ್ ನಂಬರು, ವಿಳಾಸ. ಇದೇ ಊರು! ಬಸ್ಸಿನ ಕೊನೇ ಸ್ಟಾಪು.

ಕತ್ತರಿಗೆ ತೋರಿಸ್ದೆ. "ಪ್ರೋಗ್ರಾಮಿಗೆ ಬೆಳಿಗ್ಗೆ, ಮಧ್ಯಾಹ್ನ ಅಂತ ಗೊತ್ತಾಗತ್ತೇನಮ್ಮ? ಯಾರೋ ನಿನ್ನ ಕಾಲೆಳೀತಿದಾರೆ."

ಲ್ಯಾಬಲ್ಲಿ ಅದೇ ಕಾರ್ಡಿರೋ ಮಷಿನ್ ಒಂದಿದೆ. ನಲವತ್ತು ಸಲ ರೀಸ್ಟಾರ್ಟ್ ಮಾಡ್ದೆ. ನಲವತ್ತು ಸಲವೂ ಸರಿಯಾಗೇ ಬಂತು. ಸುಳ್ಳು ಹೇಳೋರು ಇಷ್ಟು ಚಿಕ್ಕ ಮೇಲ್ ಬರೀತಾರಾ? ಗೊತ್ತಾಗ್ತಿಲ್ಲ.

ಮಾರ್ಚ್ 19, ರಾತ್ರಿ 9.30

ಅರ್ಧ ದಿನ ರಜಾ ಹಾಕಿ ಹೋದೆ. ರಸ್ತೆ ಪಕ್ಕ ದೊಡ್ಡ ಕಬ್ಬಿಣದ ಹಲಗೆ, ಲಾರಿ ಅದರ ಮೇಲೆ ನಿಲ್ಲತ್ತೆ. ಪಕ್ಕದ ಡಬ್ಬಿಯಂಥ ರೂಮಲ್ಲಿ ತೂಕ ನೋಡಿ ಚೀಟಿ ಕೊಡೋ ಅಕ್ಕ. ಐವತ್ತರ ಮೇಲೆ. ಕನ್ನಡಕಕ್ಕೆ ದಾರ.

"ನಾನೇ ಮೇಲ್ ಮಾಡಿದ್ದು. ನೀನು ಕಂಪ್ಯೂಟರಿನವಳಾ? ಇಷ್ಟು ಚಿಕ್ಕೋಳು!"

ಪರದೆ ಫಳಫಳ. ಮೂರು ಲಾರಿ ತೂಗಿದ್ಲು ನನ್ನೆದುರಿಗೇ. ಏನೂ ತೊಂದರೆ ಇಲ್ಲ.

"ಸರಿಯಾಗೇ ಇದೆಯಲ್ಲಕ್ಕ?"

"ಮಧ್ಯಾಹ್ನ ಸರಿ ಅಂತ ಬರ್ದಿದೀನಲ್ಲ. ಓದ್ಲಿಲ್ವಾ?"

ಮುಖ ಎಲ್ಲಿಡೋದು. ಹಳೇ ವರ್ಷನ್ನೇ ಇಟ್ಕೊಳ್ಳಿ ಅಂದೆ. ಆಗಲ್ವಂತೆ — ಹಳೇದಿದ್ರೆ ತೂಕದ ಆಫೀಸಿನೋರು ಸೀಲ್ ಹಾಕಲ್ಲ, ಸೀಲಿಲ್ದೆ ತೂಗೋ ಹಾಗಿಲ್ಲ. ಕಂಪ್ಯೂಟರನ್ನೇ ಬದಲಾಯಿಸಿ ಅಂದೆ.

"ಹೊಸ ಮಷಿನ್ ತಾನೇ ತೂಗಿ ತಾನೇ ಚೀಟಿ ಕೊಡತ್ತೆ. ಯಜಮಾನ ಕ್ಯಾಟಲಾಗ್ ತರಿಸಿಟ್ಟಿದಾನೆ. ಅದು ಬಂದ್ರೆ ನಾನು ಯಾಕೆ ಬೇಕು ಹೇಳು?"

ಶನಿವಾರ ಬೆಳಿಗ್ಗೆ ಬರ್ತೀನಿ ಅಂದೆ.

ಮಾರ್ಚ್ 21, ಬೆಳಿಗ್ಗೆ 8.15, ಬಸ್ಸಲ್ಲಿ

ಕಪ್ಪು. ಕಣ್ಣಾರೆ ನೋಡ್ದೆ.

ಆರು ಗಂಟೆಗೆ ಅಕ್ಕ ಬೀಗ ತೆಗೆದ್ಲು, ಗೋಡೆಯ ಮೇನ್ ಸ್ವಿಚ್ ಮೇಲೆತ್ತಿದ್ಲು, ಕಂಪ್ಯೂಟರ್ ಹಾಕಿದ್ಲು. ಗುಂಯ್ ಅಂತು. ಪರದೆ ಮಾತ್ರ ಇಲ್ಲ. ಹೊರಗೆ ನಾಲ್ಕು ಲಾರಿ, ಒಂದೇ ಸಮ ಹಾರ್ನು. ಒಬ್ಬ ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಅಕ್ಕ, ತೂಗ್ತೀಯೋ ಜೋಗುಳ ಹಾಡ್ತೀಯೋ?" ಅಂದ. ಆಮೇಲೆ ಗಾಡಿ ತಿರುಗಿಸ್ಕೊಂಡು ಇನ್ನೊಂದು ಬ್ರಿಡ್ಜಿಗೆ ಹೋದ.

ಅಕ್ಕ ಡಬ್ಬದ ಮೇಲೆ ಅಂಗೈ ಇಟ್ಕೊಂಡು ನಿಂತಿದ್ಲು, ಜ್ವರ ನೋಡೋರ ಹಾಗೆ. "ಬೆಚ್ಚಗಾಗ್ಲಿ. ತಾನೇ ಎದ್ದೇಳತ್ತೆ." ಇಪ್ಪತ್ತು ನಿಮಿಷ ಆದ್ಮೇಲೆ ಆಫ್ ಮಾಡಿ ಹಾಕಿದ್ಲು. ಬಂತು.

"ಅಕ್ಕ, ದಿನಾ ಮೇನ್ ಆಫ್ ಮಾಡ್ತೀರಾ?"

"ಮತ್ತೆ? ಒಂದ್ಸಲ ವೈರಿಗೆ ಬೆಂಕಿ ಹತ್ತಿತ್ತು. ಯಜಮಾನಂದು ಕಟ್ಟಪ್ಪಣೆ. ಯಾಕೆ, ನೀವು ಆಫ್ ಮಾಡಲ್ವಾ?"

ಇಲ್ಲ. ನಾವು ಆಫ್ ಮಾಡಲ್ಲ. ಲ್ಯಾಬಿನ ಮಷಿನ್‌ಗಳು ವರ್ಷಗಟ್ಲೆ ಆಫೇ ಆಗಿಲ್ಲ. ರೀಸ್ಟಾರ್ಟ್ ಮಾಡ್ತೀವಿ, ತಣ್ಣಗಾಗಕ್ಕೆ ಬಿಡಲ್ಲ. ಹಂಗಂದ್ರೆ ಆ ಕಾಲು ಸೆಕೆಂಡು... ನನ್ನ ಸ್ಟಾಪ್ ಬಂತು.

ಮಾರ್ಚ್ 25, ರಾತ್ರಿ 11.45

ನಿನ್ನೆ ಸಂಜೆ ಲ್ಯಾಬಿನ ಮಷಿನ್ ಆಫ್ ಮಾಡಿ ಬಂದೆ. 'ಆಫ್ ಮಾಡಬಾರದು' ಅಂತ ಅಂಟಿಸಿರೋ ಚೀಟಿ ಕೆಳಗೇ ಸ್ವಿಚ್ಚು, ಕಳ್ಳತನ ಮಾಡಿದ ಹಾಗಾಯ್ತು. ಬೆಳಿಗ್ಗೆ ಹಾಕಿದ್ರೆ — ಕಪ್ಪು. ಹಳೇ ಡ್ರೈವರ್ ತುಂಬಿ, ಆಫ್ ಮಾಡಿ, ಇವತ್ತಿಡೀ ದಿನ ತಣ್ಣಗೆ ಬಿಟ್ಟು ಸಂಜೆ ಹಾಕ್ದೆ. ಬಂತು. ಹಳೇ ಕಾರ್ಡು ತಣ್ಣಗಿದ್ದಾಗ ಏಳೋದು ನಿಧಾನ. ಅದಕ್ಕೇ ಕಾಯ್ಬೇಕಿತ್ತು. ಬರೆದಾತನಿಗೂ ಗೊತ್ತಿಲ್ಲದ್ದು ನನಗೆ ಗೊತ್ತಾಯ್ತು.

ಕತ್ತರಿ ನೋಡಿದ್ರು. ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ.

"ನಿಜ. ಒಪ್ಪಿದೆ. ಎಷ್ಟು ಜನಕ್ಕೆ?"

"ಒಬ್ರಿಗೆ. ಗೊತ್ತಿರೋದು ವೇ ಬ್ರಿಡ್ಜಿನ ಅಕ್ಕ ಒಬ್ರು."

ಆ ಸಾಲೊಂದನ್ನೇ ಹೊಸದಕ್ಕೆ ಸೇರಿಸ್ಲಾ ಅಂತ ಕೇಳ್ದೆ. "ಹೊಸದು ಎಲ್ಲರಿಗೂ ಒಂದೇ ಅಂತ ಮಾಡಿರೋದು. ಲಕ್ಷಾಂತರ ಮಷಿನ್ ಇವಳಿಗೋಸ್ಕರ ನಿಲ್ಬೇಕಾ?"

"ಈ ಕಾರ್ಡಿಗೆ ಮಾತ್ರ ನಿಲ್ಲು ಅಂತ ಬರೀತೀನಿ ಸರ್."

"ಇವತ್ತು ಇದಕ್ಕೆ ಮಾತ್ರ. ನಾಳೆ ಇನ್ನೊಂದಕ್ಕೆ ಮಾತ್ರ. ಹಾಗೆ ಬೆಳೆದಿದ್ದನ್ನೇ ತಾನೆ ನೀನು ಎರಡು ತಿಂಗ್ಳಿಂದ ಕೀಳ್ತಿರೋದು? ಹಳೇದನ್ನ ಪೂರ್ತಿ ವಾಪಸ್ ಇಡು, ಇಲ್ಲಾ ಪೂರ್ತಿ ಬಿಡು. ಬದಲಾವಣೆ ನಿನ್ನ ಹೆಸರಲ್ಲಿದೆ. ನೀನೇ ನೋಡು."

ಅವ್ರು ಹೇಳೋದೂ ಸರಿ. ಅದೇ ತಲೆ ತಿನ್ನೋದು. ಅಕ್ಕ ಯಾರು ನನಗೆ? ಅವಳ ಹೆಸರೂ ಕೇಳಿಲ್ಲ. ಅಮ್ಮನಿಗೆ ಪರ್ಮನೆಂಟ್ ಆಗತ್ತೆ ಅಂತ ಹೇಳಿಬಿಟ್ಟಿದೀನಿ ಭಾನುವಾರ. ಬೀದಿಗೆಲ್ಲ ಹಂಚಿರ್ತಾಳೆ ಇಷ್ಟೊತ್ತಿಗೆ.

ನರ್ಸ್ ಎದ್ಲು. "ಯಾರ ಜೊತೆ ಮಾತಾಡ್ತಿದೀಯೇ?"

"ಯಾರ ಜೊತೆನೂ ಇಲ್ಲ."

"ಹಾಗಾದ್ರೆ ಜಗಳ ಯಾಕೆ?"

ಮಾರ್ಚ್ 27, ರಾತ್ರಿ 8.10

ಇಟ್ಟೆ. ವಾಪಸ್. ಪೂರ್ತಿ. ಹನ್ನೊಂದು ಸಾವಿರ ಸಾಲು.

ನಾಲ್ಕೂ ನಲವತ್ತರ ತನಕ ಸುಮ್ನೆ ಕೂತಿದ್ದೆ. ವಾಪಸ್ ಇಡೋ ಬಟನ್ ಒತ್ತಿದ್ರೆ ಪರದೆ ಮೇಲೆ ಒಂದು ಡಬ್ಬಿ ಬರತ್ತೆ — ಕಾರಣ ಬರೀರಿ. ಬರೆಯದೆ ಮುಂದೆ ಹೋಗಲ್ಲ. ನ್ಯಾಯ, ಕರುಣೆ... ಅವೆಲ್ಲ ಬರೆದು ಅಳಿಸ್ದೆ. ಕೊನೆಗೆ ಆ ಹಳೇ ಟಿಪ್ಪಣಿ ಕೆಳಗೆ ನಾನು ಹೊಸದಾಗಿ ಸೇರಿಸಿದ್ದನ್ನೇ ಅಲ್ಲೂ ಬರೆದೆ: "ರಾತ್ರಿ ಆಫ್ ಆಗಿ ತಣ್ಣಗಿದ್ರೆ ಬೇಕು. ವೇ ಬ್ರಿಡ್ಜಿನ ಅಕ್ಕ ತೋರಿಸಿದ್ದು."

ಕತ್ತರಿ ಬಂದು ಬೆನ್ನ ಹಿಂದೆ ನಿಂತು ಓದಿದ್ರು. "ಖಾತ್ರಿ ತಾನೆ?"

"ಇಲ್ಲ ಸರ್."

"ಸರಿ" ಅಂದು ಹೋದ್ರು. ಯಾವ ಸರಿ ಅದು? ಸರಿ ಮಾಡ್ದೆ ಅಂತಾನಾ, ಸರಿ ಮುಗೀತು ಅಂತಾನಾ?

ಅಮ್ಮನಿಗೆ ಹೇಳ್ದೆ, ಅಟ್ಟಕ್ಕೆ ವಾಪಸ್ ಹತ್ತಿಸ್ದೆ ಅಂತ. "ಅಪ್ಪನ ಮಗಳು" ಅಂದ್ಲು. ಅದೂ ಬೈಗಳೋ ಏನೋ.

ಮಾರ್ಚ್ 30, ಬೆಳಿಗ್ಗೆ 5.55

ಬ್ರಿಡ್ಜ್ ಹತ್ರ. ಚಳಿ. ಅಕ್ಕ ನಿನ್ನೆ ಸಂಜೆ ಹಳೇ ಡ್ರೈವರ್ ಸೇರಿರೋ ಹೊಸ ಟ್ರಯಲ್ ಹಾಕಿ, ಮೇನ್ ಆಫ್ ಮಾಡಿ ಹೋಗಿದ್ಲಂತೆ. ಡಬ್ಬ ಐಸಿನ ಹಾಗಿದೆ, ಮುಟ್ಟಿ ನೋಡ್ದೆ. ಮೂರು ಲಾರಿ ನಿಂತಿವೆ. ಜೋಗುಳದ ಡ್ರೈವರೂ ಬಂದಿದಾನೆ.

ಬಸ್ಸಲ್ಲಿ ಬರ್ತಾ ಆಫೀಸಿಂದ ಮೇಲ್ ಬಂತು. 'ನಿಮ್ಮ ಕಾಂಟ್ರ್ಯಾಕ್ಟ್ ಕುರಿತು' ಅಂತ ಮೇಲ್ಗಡೆ. ತೆರೆದಿಲ್ಲ. ಇದು ಮುಗೀಲಿ ಮೊದ್ಲು.

"ಏನದು ಫೋನಿಗೆ ಗೊಣಗೊಣ? ಬಾ ಇಲ್ಲಿ, ನೀನೇ ಹಾಕು."

"ನೀವೇ ಹಾಕಿ ಅಕ್ಕ. ನಾನು ಪರದೆ ನೋಡ್ತಿರ್ತೀನಿ."

ಮೇನ್ ಹಾಕಿದ್ಲು. ಈಗ ಕಂಪ್ಯೂಟರು. ಗುಂಯ್ ಅಂತಿದೆ... ಕಪ್ಪು. ಇನ್ನೂ ಕಪ್ಪೇ. ಇರಿ ಅಕ್ಕ, ಆಫ್ ಮಾಡ್ಬೇಡಿ, ಸ್ವಲ್ಪ ಕಾಯ್ಬೇಕು ಇಲ್ಲಿ, ಇನ್ನೊಂದ್ ಸ್ವಲ್ಪ... ಅಕ್ಕ, ಮೂಲೇಲಿ ಅದೇನು ಬೆಳ್ಳಗೆ, ನೋಡಿ, ನೋಡಿ ಬಂ—