ಶನಿವಾರ ಮರ ಹತ್ತಿಸಬೇಡಿ

ಹಂದನಕೆರೆ, ಗುರುವಾರ

ಕನ್ನಡ ಶಿಬಿರದ ಸೂರ್ಯಪ್ರಕಾಶ್ ಮೇಷ್ಟ್ರಿಗೆ ನಮಸ್ಕಾರ.

ಶನಿವಾರ ವಿದೇಶದ ಮಕ್ಕಳನ್ನು ಮತ್ತೆ ತೋಟಕ್ಕೆ ಕರೆತಂದಾಗ ನಮ್ಮ ಯಜಮಾನರಿಗೆ ತೆಂಗಿನಮರ ಹತ್ತಲು ಹೇಳಬೇಡಿ. ಹೋದ ವಾರ ಅರ್ಧ ಮರದಲ್ಲಿ ಕಣ್ಣು ಕತ್ತಲೆ ಬಂದು, ಮರ ತಬ್ಬಿಕೊಂಡು ನಿಂತುಬಿಟ್ಟಿದ್ದರು. ಅದೂ ಆಟವೆಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದರು. ಇಳಿದ ಮೇಲೆ ಅವರು, "ಯಾರ್ಗೂ ಹೇಳ್ಬ್ಯಾಡ ಕಣೇ" ಅಂದರು.

ನಾನು ಹೇಳಿದ್ದು ಅವರಿಗೆ ತಿಳಿಯಬಾರದು. ಮಕ್ಕಳು ಈ ಸಲ ಕೊಬ್ಬರಿ ಅಟ್ಟ ನೋಡಬೇಕಂತೆ ಎನ್ನಿ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಯಜಮಾನರು ಹೇಳಿಬಿಡುತ್ತಾರೆ. ಅದನ್ನು ಕಲಿಸಲಿ.

ನನಗೆ ಬರೆಯಲು ಬಾರದು. ನಿಮ್ಮ ವಿದ್ಯಾರ್ಥಿನಿ ಯೂಕೊ ಬರೆದುಕೊಡುತ್ತಿದ್ದಾಳೆ. ಅವತ್ತು ಮೊದಲು ಚಪ್ಪಾಳೆ ತಟ್ಟಿದವಳು ಇವಳೇ. ಈಗ ಬರೆಯುತ್ತಲೇ ಆ ಮರದ ಕಡೆ ನೋಡುತ್ತಿದ್ದಾಳೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಇಂತಿ,
ಲಕ್ಷ್ಮಕ್ಕನ ಹೆಬ್ಬೆಟ್ಟು