ಗಂಡುನೆರಳಿನ ಪಾಳಿ

ಕಡಲೇರಿದ ಎಪ್ಪತ್ತೊಂದನೆಯ ವರ್ಷ, ಎರಡನೇ ಬೇಸಿಗೆಯ ಹತ್ತನೇ ದಿನ. ನಿಮ್ಮ ಲೆಕ್ಕದಲ್ಲಿ ೨೧೮೪ ಇರಬಹುದು.

ಹಿರಿಯರೇ,

ಇನ್ನೂ ಹುಟ್ಟದ ನಾನು ನಿಮಗೆ ಕಾಗದ ಬರೆಯುವುದು ಅಧಿಕಪ್ರಸಂಗವೇ ಸರಿ. ನನ್ನ ಕೆಲವು ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಸುಗಂಧಿ, ಕುಂದಾಪುರದ ಆಚೆಯ ಕಡಲದಂಡೆಯವಳು. ಆಮೆಗೂಡು ಕಾಯುವುದು ನಮ್ಮ ಊರಿನವರ ಕೆಲಸ.

ಆಮೆಯ ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದು ಮರಳಿನ ಬಿಸಿಗೆ ಸೇರಿದ್ದು. ತಂಪಿದ್ದರೆ ಗಂಡು, ಕಾದರೆ ಹೆಣ್ಣು. ನಮ್ಮ ಮರಳಿನಲ್ಲಿ ಅಜ್ಜಿಯ ಕಾಲದಿಂದಲೂ ಬರೀ ಹೆಣ್ಣೇ. ಅದಕ್ಕೇ ಗಂಡುನೆರಳು: ಗೂಡಿನ ಮೇಲೆ ತೆಂಗಿನ ಮಡಲಿನ ಚಪ್ಪರ ಹಾಕಿ, ಬಿಸಿಲು ತಿರುಗಿದಂತೆ ಅದನ್ನು ಸರಿಸುತ್ತಾ, ಹದವಾಗಿ ನೀರು ಚಿಮುಕಿಸುತ್ತಾ ಕೂರುವ ಪಾಳಿ. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಬೇಯುಹೊತ್ತು, ಯಾರೂ ಹೊರಗೆ ಬರುವಂತಿಲ್ಲ. ಪಾಳಿಯವರು ಮಾತ್ರ ಬರಲೇಬೇಕು. ಮಗಳ ಬಾಣಂತನಕ್ಕೂ ಇಷ್ಟು ಉಪಚಾರ ನಡೆದಿಲ್ಲವೆಂದು ನಮ್ಮ ಗಂಡಸರು ಹಂಗಿಸುತ್ತಾರೆ. ಹಂಗಿಸುತ್ತಲೇ ಮಡಲು ಹೆಣೆದು ತರುತ್ತಾರೆ.

ಹದಿನೆಂಟು ವರ್ಷದ ಹಿಂದೆ ನನ್ನ ತಾಯಿ ಬಚ್ಚಮ್ಮ ತನ್ನ ಪಾಳಿಯಲ್ಲಿ ಒಂದು ತಪ್ಪು ಮಾಡಿದಳು. ಇನ್ನಷ್ಟು ತಂಪಾದರೆ ಎಲ್ಲವೂ ಗಂಡೇ ಆದಾವು ಎಂಬ ಆಸೆಗೆ, ಯಾರಿಗೂ ಹೇಳದೆ ಬಾವಿಯಿಂದ ಕೊಡಗಟ್ಟಲೆ ನೀರು ತಂದು ಗೂಡಿಗೆ ಹೊಯ್ದಳು. ಗೂಡಿನಿಂದ ಮೊಟ್ಟೆ ಕೊಳೆತ ವಾಸನೆ ಬಂತು. "ಗಂಡ್ ಹುಟ್ಲಿ ಅಂದೇಳಿ ಹೊಯ್ದದ್ದ್, ಕೊಲ್ಲುಕಲ್ಲ" ಎಂದು ಮನೆಮನೆಗೆ ಹೋಗಿ ಹೇಳಿದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೂಡು ಅಗೆದು ನೋಡಲು ಅವಳಿಗೆ ಧೈರ್ಯವಾಗದೆ ನನ್ನನ್ನು ಕಳಿಸಿದಳು. ಏನು ಕಂಡೆ ಎಂದು ಕೇಳಲೂ ಇಲ್ಲ, ಅಂದಿನಿಂದ ಮರಳಿಗೆ ಕಾಲಿಡಲೂ ಇಲ್ಲ.

ಆಮೇಲಿನ ವರ್ಷಗಳಲ್ಲಿ ಕಡಲಿನ ಮುದಿ ಗಂಡುಗಳು ಮುಗಿದವು. ಹೆಣ್ಣುಗಳು ಬಂದು ಮೊಟ್ಟೆಯಿಟ್ಟು ಹೋಗುತ್ತಿದ್ದವು, ಒಂದರಲ್ಲೂ ಜೀವವಿರಲಿಲ್ಲ. ಏಳು ವರ್ಷ ನಾವು ಆ ಮೊಟ್ಟೆಗಳಿಗೂ ನೆರಳು ಹಿಡಿದೆವು. ಹುಚ್ಚು ಎನ್ನಿ. ನಮ್ಮ ನೆರಳಲ್ಲಿ ಹಿಂದೆ ಹುಟ್ಟಿ ಹೋದ ಮರಿ ದೊಡ್ಡದಾಗಲು ಹದಿನೈದು ವರ್ಷವಾದರೂ ಬೇಕು, ಗಂಡಾಮೆಯಂತೂ ದಡಕ್ಕೆ ಬರುವುದೇ ಇಲ್ಲ. ಕಾಯದೆ ಬೇರೆ ದಾರಿಯಿರಲಿಲ್ಲ.

ಮೊನ್ನೆ ಬೆಳಗ್ಗೆ ನನ್ನ ಪಾಳಿಯಲ್ಲಿ ಮರಳು ಅಲುಗಿತು. ಮರಿಗಳು ಒಂದರ ಮೇಲೊಂದು ಹತ್ತಿ ಬಂದವು. ಅಂದರೆ ಹೊರಗೆಲ್ಲೋ ನಮ್ಮ ನೆರಳಿನ ಗಂಡು ಈಜುತ್ತಿದೆ. ನಾನು ಅಳುತ್ತಾ ಮನೆಗೆ ಓಡಿ ತಾಯಿಗೆ ಹೇಳಿದೆ. "ನನ್ ಗೂಡಿಂದಂತೂ ಅಲ್ಲ ಅಲ್ದಾ" ಎಂದಳು ಅವಳು.

"ನಿನ್ ಗೂಡಿಂದ್ಲೂ ಹನ್ನೊಂದ್ ಮರಿ ಕಡ್ಲಿಗ್ ಹೋಯಿತ್, ಅಬ್ಬಿ. ಒಡ್ದ್ ಚಿಪ್ಪ್ ನಾನೇ ಕಂಡಿದೆ" ಎಂದೆ.

"ಇಷ್ಟ್ ವರ್ಷ ಎಂತಕ್ ಹೇಳಲ್ಲೆ?"

"ನೀನ್ ಕೇಂಡದ್ದ್ ಎಲ್ಲಿ?"

ಇವತ್ತು ಅವಳು ಪಾಳಿಯಲ್ಲಿ ಕೂತಿದ್ದಾಳೆ. ಎಂಬತ್ತಾಯಿತು, ಆದರೂ ಚಪ್ಪರ ಸರಿಸಲು ಬೇರೆ ಯಾರನ್ನೂ ಬಿಡುತ್ತಿಲ್ಲ. ಹಾದುಹೋಗುವವರಿಗೆಲ್ಲ ತನ್ನ ಹನ್ನೊಂದು ಮಕ್ಕಳ ಕಥೆ ಹೇಳುತ್ತಾಳೆ. ಊರಿನವರು ಹೌದೆಂದು ತಲೆಯಾಡಿಸುತ್ತಾರೆ, ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಹಿರಿಯರೇ, ನಿಮ್ಮ ಮರಳು ಇನ್ನೂ ಇಷ್ಟು ಕಾದಿಲ್ಲ. ನಿಮ್ಮಲ್ಲಿ ಗಂಡೂ ಹೆಣ್ಣೂ ತಾವಾಗಿಯೇ ಹುಟ್ಟುತ್ತಿವೆ. ಅದಕ್ಕೆ ಬೇಕಾದ ತಂಪನ್ನು ನಮಗೂ ಉಳಿಸಿ. ತಾಯಿಯ ಆ ಗೂಡನ್ನು ನಾನೇ ಅಗೆದಿದ್ದೆ. ನೂರಾ ನಾಲ್ಕು ಮೊಟ್ಟೆಯಲ್ಲಿ ಒಂದೂ ಮರಿಯಾಗಿರಲಿಲ್ಲ. ಮುಪ್ಪಿನ ತಾಯಿಗೆ ನಾನು ಹೇಳಿದ ಸುಳ್ಳನ್ನು ಹೇಳಬೇಕಾಗದ ಹಾಗೆ ಮಾಡಲು ಈಗಲೂ ಆಗುವುದು ನಿಮ್ಮೊಬ್ಬರಿಂದಲೇ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ಸುಗಂಧಿ